ಆರನೆಯ ಚುಚ್ಚು

ನಮ್ಮಲ್ಲಿ ಒಂದು ನಿಯಮವಿದೆ. ರಕ್ತ ತೆಗೆಯುವಾಗ ಒಬ್ಬ ನರ್ಸ್ ಎರಡು ಸಲ ಮಾತ್ರ ಚುಚ್ಚಬೇಕು. ಎರಡು ಸಲಕ್ಕೂ ನರ ಸಿಗದಿದ್ದರೆ ಸೂಜಿ ಕೆಳಗಿಟ್ಟು ಇನ್ನೊಬ್ಬರನ್ನು ಕರೆಯಬೇಕು. ನಾನು ಕೆಲಸಕ್ಕೆ ಸೇರಿದ ದಿನವೇ ದೊಡ್ಡ ಸಿಸ್ಟರ್ ಇದನ್ನು ಹೇಳಿದ್ದರು. "ಕರೆಯೋದು ಸೋಲಲ್ಲಮ್ಮ. ಕರೀದೆ ಒದ್ದಾಡೋದು ಸೋಲು," ಅಂದಿದ್ದರು. ಆ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ ಕೂಡ.

ಆ ಮಂಗಳವಾರ ನಾನು ವೈರ್‌ಮನ್‌ಗೆ ಐದು ಸಲ ಚುಚ್ಚಿದೆ.

ಮೊದಲು ನಮ್ಮ ಜಾಗದ ಬಗ್ಗೆ ಹೇಳಬೇಕು. ಮಾದಕ ವಸ್ತುವಿನ ಚಟ ಬಿಟ್ಟವರು ಆಸ್ಪತ್ರೆಯಿಂದ ಹೊರಬಂದ ಮೇಲೆ, ಸ್ವಂತ ಮನೆಗೆ ಹೋಗುವ ಮೊದಲು, ಕೆಲವು ತಿಂಗಳು ಇರುವ ಜಾಗ ಅದು. ಬಸ್ ಡಿಪೋದ ಹಿಂದೆ ಎರಡಂತಸ್ತಿನ ಹಳೆಯ ಕಟ್ಟಡ, ಹನ್ನೆರಡು ಮಂಚ. ಬೆಳಿಗ್ಗೆ ಬಸ್ಸುಗಳು ಹಿಂದಕ್ಕೆ ತಿರುಗುವಾಗ ಔಷಧಿ ಕಪಾಟಿನ ಗಾಜು ನಡುಗುತ್ತದೆ. ಇಲ್ಲಿರುವವರನ್ನು ರೋಗಿಗಳು ಅನ್ನಬಾರದು, 'ಮನೆಯವರು' ಅನ್ನಬೇಕು. ಇದರಿಂದ ಡ್ರೈವರ್‌ಗೆ ದಿನಕ್ಕೊಂದು ತಮಾಷೆ. ಡ್ರೈವರ್ ಎಂದರೆ ನಿದ್ದೆ ಬಾರದಿರಲೆಂದು ಮಾತ್ರೆ ನುಂಗಿ ನುಂಗಿ ಲಾರಿ ಓಡಿಸುತ್ತಿದ್ದ ಐವತ್ತರ ಮನುಷ್ಯ. "ಲೋಕದಲ್ಲಿ ಹೆಂಗಸರಿಗೆ ಒಬ್ಬ ಮನೆಯವರನ್ನ ಸುಧಾರಿಸೋದೇ ಸಾಕಾಗುತ್ತೆ. ನಮ್ಮ ಸಿಸ್ಟರ್‌ಗೆ ನೋಡಿ, ಅದರ ಮೇಲೆ ಇನ್ನೂ ಹನ್ನೆರಡು!" ಅನ್ನುತ್ತಿದ್ದ.

ವೈರ್‌ಮನ್‌ಗೆ ಮೂವತ್ನಾಲ್ಕು ವರ್ಷ. ಕಟ್ಟಡಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸ ಮಾಡುತ್ತಿದ್ದವನು. ಒಂಬತ್ತು ವರ್ಷ ಸೂಜಿಯ ಚಟ. ಅವನ ಮುಂಗೈಗಳು ನೂರು ಸಲ ಅಗೆದು ಮುಚ್ಚಿದ ರಸ್ತೆಯ ಹಾಗಿದ್ದವು. ನಮ್ಮಲ್ಲಿಗೆ ಬಂದ ಎರಡನೇ ತಿಂಗಳಲ್ಲೇ ಕೆಟ್ಟುಹೋಗಿದ್ದ ಕರೆಗಂಟೆ, ಮೇಲಿನ ಫ್ಯಾನು, ನೀರಿನ ಮೋಟಾರು ಎಲ್ಲ ಸರಿಮಾಡಿದ್ದ. ನಾನು 'ನೀವು' ಅಂದಾಗ, "ಬೇಡ ಸಿಸ್ಟರ್, ನೀವು ಅಂದ್ರೆ ಕೋರ್ಟಲ್ಲಿ ನಿಂತ ಹಾಗಾಗುತ್ತೆ" ಅಂದಿದ್ದ. ಅಂದಿನಿಂದ ತಮ್ಮನ ಹಾಗೆ ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

ಅವನಿಗೆ ಹೊರಗೆ ಇದ್ದದ್ದು ಇಬ್ಬರು: ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿ ಮಾಡುವ ಅಕ್ಕ, ಮತ್ತು ಆ ಅಕ್ಕನ ಬಳಿ ಬೆಳೆಯುತ್ತಿದ್ದ ಅವನ ಆರು ವರ್ಷದ ಮಗಳು ಪುಟ್ಟಿ. ಹೆಂಡತಿ ಬಿಟ್ಟು ಹೋಗಿ ವರ್ಷಗಳಾಗಿದ್ದವು. ತಪ್ಪು ಅವಳದಲ್ಲ ಎಂದು ಅವನೇ ಹೇಳುತ್ತಿದ್ದ. ಅವನನ್ನು ಸೇರಿಸಿದ ದಿನ ಅಕ್ಕ ನಮ್ಮೆಲ್ಲರ ಎದುರಿಗೇ ಹೇಳಿದ್ದಳು: "ಇದು ಕೊನೇ ಸಲ. ಇನ್ನೊಂದ್ಸಲ ಶುರು ಮಾಡಿದ ಅಂತ ಗೊತ್ತಾದ್ರೆ ಮಗು ನನ್ನದು, ಇವನು ಯಾರೋ."

ನಮ್ಮ ಮನೆಯ ಲೆಕ್ಕ ಹೀಗೆ: ಸೂಜಿ ಮುಟ್ಟದೆ ನೂರು ದಿನ ಕಳೆದವರಿಗೆ ಒಂದು ಹಗಲು ಒಂದು ರಾತ್ರಿ ತಮ್ಮ ಮನೆಗೆ ಹೋಗಿ ಬರಲು ರಜೆ. ಮುಟ್ಟಿದರೆ ಮತ್ತೆ ಒಂದರಿಂದ ಎಣಿಕೆ. ಆ ಮಂಗಳವಾರ ವೈರ್‌ಮನ್‌ಗೆ ತೊಂಬತ್ತೈದನೇ ದಿನ. ಭಾನುವಾರ ನೂರು. ಆದರೆ ಅವನ ಲಿವರ್ ಕೆಟ್ಟಿದ್ದರಿಂದ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕಿತ್ತು, ಅದರ ವರದಿ ನೋಡದೆ ಡಾಕ್ಟರ್ ರಜೆ ಚೀಟಿಗೆ ಸಹಿ ಹಾಕುತ್ತಿರಲಿಲ್ಲ. ಡಾಕ್ಟರ್ ಬರುವುದು ಬುಧವಾರ.

ಮೇಲಿನ ಚಿಕ್ಕ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿದೆ. ಬಿಸಿನೀರಿನ ಚೀಲ ಇಟ್ಟು ಕೈ ಕಾಯಿಸಿದೆ. ರಬ್ಬರ್ ಪಟ್ಟಿ ಕಟ್ಟಿದೆ. ಬೆರಳಿಂದ ಒತ್ತಿ ಒತ್ತಿ ನೋಡಿದೆ. ಒಂದು ಸಲ ಚುಚ್ಚಿದೆ, ಇಲ್ಲ. ಎರಡನೆಯ ಸಲ ಒಂದು ಹನಿ ಬಂದ ಹಾಗಾಗಿ ನಿಂತುಹೋಯಿತು.

"ನನ್ನ ನರಗಳು ನನ್ನ ಥರಾನೇ ಸಿಸ್ಟರ್," ಅಂದ. "ಕರೆದ್ರೆ ಬರಲ್ಲ."

ಅಲ್ಲಿ ನಾನು ನಿಲ್ಲಬೇಕಿತ್ತು. ದೊಡ್ಡ ಸಿಸ್ಟರ್ ಕೆಳಗೆ ಔಷಧಿ ಎಣಿಸುತ್ತಿದ್ದರು. ಗಂಟೆ ಒತ್ತಿದರೆ ಎರಡು ನಿಮಿಷದಲ್ಲಿ ಬರುತ್ತಿದ್ದರು. ಆದರೆ ಹಿಂದಿನ ವಾರ ನಾನು ಎರಡು ಸಲ ಅವರನ್ನು ಕರೆದಿದ್ದೆ. ಎರಡು ಸಲವೂ ಅವರು ಬಂದು, ಕಣ್ಣು ಮಿಟುಕಿಸುವುದರೊಳಗೆ ತೆಗೆದು, ಏನೂ ಅನ್ನದೆ ಹೋಗಿದ್ದರು. ಬೈದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ನೆಲ ಒರೆಸಿ, ಸಂಜೆ ತರಗತಿಗೆ ಹೋಗಿ ನರ್ಸಿಂಗ್ ಓದಿದವಳು ನಾನು. ಹಗಲು ಕಾಲೇಜಿನಲ್ಲಿ ಕಲಿತವರ ಕೈಗೆ ಸಿಗುವುದು ನನ್ನ ಕೈಗೆ ಯಾಕೆ ಸಿಗುವುದಿಲ್ಲ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿತ್ತು. ನನ್ನ ಪಾಲಿಗೆ ಅಲ್ಲಿ ವೈರ್‌ಮನ್ ಇರಲಿಲ್ಲ. ಅವನ ಕೈ ಮಾತ್ರ ಇತ್ತು.

ಮೂರನೆಯ ಸಲವಾದ ಮೇಲೆ ಅವನೇ ಕೇಳಿದ. "ದೊಡ್ಡ ಸಿಸ್ಟರ್‌ನ ಕರೀಲಾ?"

"ಬೇಡ ಬೇಡ. ಸಿಕ್ತು, ಈಗ ಸಿಕ್ತು."

ಸಿಗಲಿಲ್ಲ. ಐದನೆಯದಾಗುವಾಗ ನನ್ನ ಕೈ ನಡುಗುತ್ತಿತ್ತು. ಅವನ ಎರಡೂ ತೋಳಿನಲ್ಲಿ ಹತ್ತಿಯ ಉಂಡೆಗಳು. ಹಣೆಯಲ್ಲಿ ಬೆವರು ಅವನಿಗಲ್ಲ, ನನಗೆ.

ಅವನು ಬಲಗೈ ಚಾಚಿದ. "ಕೊಡಿ ಸಿಸ್ಟರ್ ಇಲ್ಲಿ. ಗೋಡೆಯೊಳಗಿನ ಲೈನ್ ಹುಡುಕೋನು ನಾನು. ಇದು ನನ್ನದೇ ಗೋಡೆ."

ಎಲ್ಲಿ ಅಂತ ತೋರಿಸು ಅನ್ನಬಹುದಿತ್ತು. ಅಷ್ಟಾದರೂ ಅನ್ನಬಹುದಿತ್ತು. ನಾನು ಹೊಸ ಸೂಜಿಯ ಪೊಟ್ಟಣ ಬಿಚ್ಚಿ ಅವನ ಕೈಗೆ ಕೊಟ್ಟೆ. ಅವನು ಕಸಿದುಕೊಳ್ಳಲಿಲ್ಲ. ನಾನು ಕೊಟ್ಟೆ.

ನಾನು ನೋಡಿಯೇ ಇರದ ಒಂದು ಜಾಗದಲ್ಲಿ, ಒಂದೇ ಸಲಕ್ಕೆ, ಅವನಿಗೆ ಸಿಕ್ಕಿತು. ಟ್ಯೂಬಿನಲ್ಲಿ ಕಪ್ಪುಗೆಂಪು ರಕ್ತ ಏರಿತು. ಅಬ್ಬಾ ಅಂದುಕೊಂಡೆ. ಹೌದು, ನನಗೆ ಮೊದಲು ಬಂದದ್ದು ನೆಮ್ಮದಿ. ಆಮೇಲೆ ಅವನ ಮುಖ ನೋಡಿದೆ. ಬಹಳ ಕಾಲದ ಮೇಲೆ ಸ್ವಂತ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟವನ ಮುಖ ಅದು. ಒಂದು ಗಳಿಗೆ. ಮರುಗಳಿಗೆ ಬೆಂಕಿ ಮುಟ್ಟಿದವನಂತೆ ಕೈ ತೆಗೆದ.

"ಹಿಡ್ಕೊಳ್ಳಿ. ಬೇಗ ಹಿಡ್ಕೊಳ್ಳಿ ಸಿಸ್ಟರ್."

ಹಿಡಿದುಕೊಂಡೆ. ಎರಡು ಟ್ಯೂಬು ತುಂಬಿಸಿ, ಸೂಜಿ ತೆಗೆದು, ಡಬ್ಬಿಗೆ ಹಾಕಿದೆ. ಅವನು ಹತ್ತಿ ಒತ್ತಿಕೊಂಡ. ನಾನೇ ಮಾತಾಡಿದೆ.

"ಇದು ನಮ್ಮಿಬ್ಬರಲ್ಲೇ ಇರಲಿ ಆಯ್ತಾ? ಗೊತ್ತಾದ್ರೆ ನಿನ್ನ ಎಣಿಕೆ ಹೋಗುತ್ತೆ."

ನಿನ್ನ ಎಣಿಕೆ ಅಂದೆ. ನನ್ನ ಕೆಲಸ ಅನ್ನಲಿಲ್ಲ. ರಿಜಿಸ್ಟರಿನಲ್ಲಿ ನನ್ನ ಅಕ್ಷರದಲ್ಲೇ ಬರೆದೆ: 'ಎರಡು ಸಲ ಪ್ರಯತ್ನ. ರಕ್ತ ಸಂಗ್ರಹಿಸಲಾಗಿದೆ.' ಮಧ್ಯಾಹ್ನ ಅವನು ಉದ್ದ ತೋಳಿನ ಅಂಗಿ ಹಾಕಿಕೊಂಡು ಊಟಕ್ಕೆ ಬಂದ. ನಾನು ಹಾಕಿಕೋ ಅಂದಿರಲಿಲ್ಲ. ಆದರೆ ಅದನ್ನು ನೋಡಿ ನನಗೆ ಸಮಾಧಾನವಾಯಿತು.

ಬುಧವಾರ ಡಾಕ್ಟರ್ ವರದಿ ನೋಡಿದರು. ಹಿಂದಿನ ತಿಂಗಳಿಗಿಂತ ಚೆನ್ನಾಗಿತ್ತು. ರಜೆ ಚೀಟಿಗೆ ಸಹಿ ಹಾಕಿದರು. ದೊಡ್ಡ ಸಿಸ್ಟರ್ ರಿಜಿಸ್ಟರ್ ತಿರುಗಿಸಿ ನೋಡಿ ನನ್ನ ಬೆನ್ನು ತಟ್ಟಿದರು. "ಅವನ ಕೈಯಲ್ಲಿ ನನಗೇ ನಾಲ್ಕು ಸಲ ಯೋಚನೆ ಮಾಡಬೇಕು. ಕೈ ಕುದುರ್ತಾ ಇದೆ ನಿಂದು."

"ಥ್ಯಾಂಕ್ಸ್ ಸಿಸ್ಟರ್," ಅಂದೆ.

ಆ ದಿನ ಮನೆಗೆ ಹೋಗಿ ನನ್ನ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಬೂಟು ಬಿಚ್ಚುತ್ತಾ ಕೇಳಿದರು. "ಅವನಿಗೇನಾದ್ರೂ ಆಯ್ತಾ?"

"ಇಲ್ಲ."

"ರಕ್ತ ಬಂತಾ?"

"ಬಂತು."

"ಮತ್ತೇನು? ಹೋಗ್ತಿರೋ ಮಾರಿನ ಮನೆಗೆ ಯಾಕೆ ಕರೀತೀಯ? ಸುಮ್ನಿರು."

ಅವರು ಕೆಟ್ಟವರಲ್ಲ. ನನಗೆ ಬೇಕಾದ ಉತ್ತರ ಯಾರಿಂದ ಸಿಗುತ್ತದೋ ಅವರನ್ನೇ ನಾನು ಕೇಳಿದ್ದೆ, ಅಷ್ಟೆ.

ಗುರುವಾರ ತಿಂಗಳ ಹಾಳೆ ತುಂಬಿಸುವ ದಿನ. ಇಪ್ಪತ್ತಾರು ಪ್ರಶ್ನೆಗಳ ಹಾಳೆ ಅದು. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಕನ್ನಡಿಯಲ್ಲಿ ನಿಮ್ಮನ್ನು ನೋಡಿಕೊಂಡರೆ ಏನನ್ನಿಸುತ್ತದೆ, ಇಂಥವು. ನಾವು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, ಒಂದರಿಂದ ಐದರವರೆಗೆ ಅಂಕ ಬರೆಯಬೇಕು; ಒಂದು ಎಂದರೆ ತೀರಾ ಕೆಟ್ಟದ್ದು, ಐದು ಎಂದರೆ ಚೆನ್ನಾಗಿದೆ ಎಂದು. ಚಟ ನಿಂತ ಮೇಲೆ ಮನುಷ್ಯ ಬದುಕುತ್ತಿದ್ದಾನೋ, ಬರೀ ದಿನ ತಳ್ಳುತ್ತಿದ್ದಾನೋ ಎಂದು ತಿಳಿಯಲು ಇರುವ ಹಾಳೆ. ಡ್ರೈವರ್ ಅದನ್ನು ಸುಖದುಃಖದ ಪರೀಕ್ಷೆ ಅನ್ನುತ್ತಿದ್ದ. "ನಾನು ಪಾಸಾ ಸಿಸ್ಟರ್? ಸುಖಕ್ಕೆ ಗ್ರೇಸ್ ಮಾರ್ಕ್ಸ್ ಹಾಕಿ," ಎಂದು ನಕ್ಕು ಎದ್ದುಹೋದ. ಅವನ ನಂತರ ವೈರ್‌ಮನ್ ಬಂದು ಕೂತ.

"ನಿದ್ದೆ?"

"ಎರಡು ದಿನದಿಂದ ಇಲ್ಲ."

ಮೂರು ಎಂದು ಬರೆದೆ. ಹೀಗೇ ಹೋಯಿತು. ಹದಿನೆಂಟನೆಯ ಪ್ರಶ್ನೆ ಬಂತು: 'ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ನಿಮಗೆ ಯಾರಾದರೂ ಇದ್ದಾರೆಯೇ?'

ಅವನು ಎರಡೂ ಕೈ ಮೇಜಿನ ಮೇಲಿಟ್ಟ. "ಕೈ ಸುಮ್ನಿಲ್ಲ ಸಿಸ್ಟರ್. ಮಂಗಳವಾರದಿಂದ. ಊಟಕ್ಕೆ ಕೂತ್ರೂ ಈ ಬೆರಳು ಆ ಜಾಗಾನೇ ತಡಕಾಡುತ್ತೆ. ಭಾನುವಾರ ಬಸ್ ಇಳಿದು ಅಕ್ಕನ ಮನೆಗೆ ಹೋಗೋ ದಾರೀಲಿ ಒಂದು ಸೇತುವೆ ಇದೆ. ಅದರ ಕೆಳಗೆ ಯಾರ್ಯಾರು ಕೂತಿರ್ತಾರೆ ಅಂತ ನಂಗೊತ್ತು. ಅದನ್ನ ದಾಟೋಕಾಗುತ್ತೋ ಇಲ್ವೋ..."

ಹೊರಗೆ ಯಾರೋ ಮೆಟ್ಟಿಲು ಹತ್ತುವ ಸದ್ದಾಯಿತು. ನಾನು ಬಾಗಿಲ ಕಡೆ ನೋಡಿದೆ.

"ಮೆಲ್ಲಗೆ," ಅಂದೆ. "ಯಾರಾದ್ರೂ ಕೇಳಿಸ್ಕೊಂಡ್ರೆ? ಇನ್ನು ಮೂರೇ ದಿನ ಅಲ್ವಾ? ತಡ್ಕೋ. ಮಗಳ ಮುಖ ನೆನಪು ಮಾಡ್ಕೋ."

ಅವನು ತಲೆಯಾಡಿಸಿದ. ನಾನು ಹಾಳೆಯಲ್ಲಿ ನಾಲ್ಕು ಎಂದು ಬರೆದು ಮುಂದಿನ ಪ್ರಶ್ನೆ ಓದಿದೆ.

ಸೂಜಿ ಕೊಟ್ಟದ್ದು ಒಂದು ತಪ್ಪು. ಆಗ ಕೈ ನಡುಗುತ್ತಿತ್ತು, ತಲೆ ಓಡಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಆ ನಾಲ್ಕನ್ನು ಬರೆಯುವಾಗ ನನ್ನ ಕೈ ನಡುಗಿರಲಿಲ್ಲ. ಅಂಕಿ ದುಂಡಗೆ ಬಂದಿತ್ತು.

ಶುಕ್ರವಾರ ಸಂಜೆ ಐದಕ್ಕೆ ಕೆಳಗಿನ ಹಾಲಿನಲ್ಲಿ ಎಲ್ಲರೂ ಸೇರುತ್ತೇವೆ. ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿ, ಒಬ್ಬೊಬ್ಬರೂ ಆ ವಾರ ಹೇಗಿತ್ತು ಎಂದು ಹೇಳಬೇಕು. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಹಾಕಬಾರದು. ಡ್ರೈವರ್ ಸೊಳ್ಳೆಯ ಬಗ್ಗೆ ಹೇಳಿ ನಗಿಸಿದ. ವೈರ್‌ಮನ್‌ನ ಸರದಿ ಬಂದಾಗ ಅವನು ಎದ್ದು ನಿಂತ. ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

"ಮಂಗಳವಾರ ನಾನು ಸೂಜಿ ಮುಟ್ಟಿದೆ," ಅಂದ.

ಡಿಪೋದಲ್ಲಿ ಒಂದು ಬಸ್ಸು ಗುರುಗುಟ್ಟುತ್ತಾ ಇತ್ತು. 

"ಯಾವ ಸೂಜಿ?" ದೊಡ್ಡ ಸಿಸ್ಟರ್ ಕೇಳಿದರು.

"ರಕ್ತ ತೆಗೆಯೋದು. ಸಿಸ್ಟರ್ ಕೈಯಿಂದ ತಗೊಂಡೆ. ನಾನೇ ಹಾಕ್ಕೊಂಡೆ. ಮಾಲು ಗೀಲು ಏನಿಲ್ಲ, ಬರೀ ಸೂಜಿ."

ಹದಿಮೂರು ಜನ ನನ್ನ ಕಡೆ ತಿರುಗಿದರು. "ಹೌದಾ?" ಎಂದು ದೊಡ್ಡ ಸಿಸ್ಟರ್ ಕೇಳಿದರು.

"ಹೌದು," ಅಂದೆ.

ಆ ಒಂದೇ ಮಾತು. ಅವನಾಗಿ ತೆಗೆದುಕೊಳ್ಳಲಿಲ್ಲ, ನಾನೇ ಕೊಟ್ಟೆ, ಅದಕ್ಕೂ ಮೊದಲು ಐದು ಸಲ ಚುಚ್ಚಿದ್ದೆ ಅನ್ನಬೇಕಿತ್ತು. ಬಾಯಿ ತೆರೆದಿದ್ದರೆ ಬರುತ್ತಿತ್ತೇನೋ. ನಾನು ಮಡಿಲಿನಲ್ಲಿದ್ದ ನನ್ನ ಕೈಗಳನ್ನು ನೋಡುತ್ತಾ ಕೂತೆ.

ಡ್ರೈವರ್‌ಗೆ ತಡೆಯಲಾಗಲಿಲ್ಲ. "ಥೂ ನಿನ್ನ! ಇನ್ನೆರಡು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಮಗಳ ಹತ್ರ ಇರ್ತಿದ್ದೆಯಲ್ಲೋ! ಸತ್ಯ ಹೇಳೋಕೆ ಇಂಥ ಅವಸರ ಏನಿತ್ತೋ?"

ಯಾರೂ ನಗಲಿಲ್ಲ. ನಿಯಮ ನಿಯಮವೇ. ರಜೆ ಚೀಟಿ ರದ್ದಾಯಿತು. ಎಣಿಕೆ ಒಂದರಿಂದ ಎಂದಾಯಿತು.

ಎಲ್ಲ ಮುಗಿದ ಮೇಲೆ ದೊಡ್ಡ ಸಿಸ್ಟರ್ ನಾನಿದ್ದ ನರ್ಸ್ ಕೋಣೆಗೆ ಬಂದರು. ಅವರೇ ಚಹಾ ತಂದಿದ್ದರು. "ಕೈಯಿಂದ ಕಸ್ಕೊಂಡ್ನಾ? ಹೆದರಿಬಿಟ್ಟೆ ಅಲ್ವಾ? ನನಗೆ ಒಂದು ಮಾತು ಹೇಳಬಾರದಿತ್ತಾ ಹುಚ್ಚಿ?" ಎಂದು ನನ್ನ ಭುಜ ಹಿಡಿದರು. ನಾನು ಏನೂ ಹೇಳದೆ ಚಹಾ ಕುಡಿದೆ. ಪೂರ್ತಿ ಕುಡಿದೆ. ಅದನ್ನು ನೆನೆದರೆ ಈಗಲೂ ಮೈಮೇಲೆ ಹುಳ ಹರಿದ ಹಾಗಾಗುತ್ತದೆ.

ಶನಿವಾರ ಒಂದು ಗಂಟೆ ಮೊದಲೇ ಕೆಲಸಕ್ಕೆ ಹೋದೆ. ನಡೆದದ್ದನ್ನು ಕಾಗದದಲ್ಲಿ ಬರೆದೆ. ಮೊದಲನೆಯ ಸಲ ಬರೆದಾಗ 'ಕೆಲಸದ ಒತ್ತಡದಿಂದ' ಎಂದು ಬಂತು, ಹರಿದುಹಾಕಿದೆ. ಎರಡನೆಯ ಸಲ 'ಅವನು ಕೇಳಿದ್ದರಿಂದ' ಎಂದು ಬಂತು, ಅದನ್ನೂ ಹರಿದೆ. ಮೂರನೆಯದರಲ್ಲಿ ಬರೀ ಏನು ನಡೆಯಿತೋ ಅದಿತ್ತು, ಗುರುವಾರದ್ದೂ ಸೇರಿ. ಅದನ್ನು ದೊಡ್ಡ ಸಿಸ್ಟರ್ ಕೈಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ನಿನ್ನೆ ನಾನು ಚಹಾ ತಂದುಕೊಟ್ಟಾಗ ಇದು ನಿನ್ನ ಹೊಟ್ಟೇಲಿತ್ತಾ?"

"ಇತ್ತು ಸಿಸ್ಟರ್."

"ಆದ್ರೂ ಕುಡಿದೆ."

"ಕುಡಿದೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಕಾಗದ ಮಡಿಸಿದರು. "ಇದನ್ನ ಮೇಲಿನವರಿಗೆ ಕಳಿಸಲೇಬೇಕು. ಅವರು ಏನು ಹೇಳ್ತಾರೋ ಹೇಳಲಿ. ಅಲ್ಲೀತನಕ ನೀನು ಸೂಜಿ ಮುಟ್ಟಬೇಡ."

"ಅವನ ಎಣಿಕೆ ವಾಪಸ್ ಕೊಡಿ ಸಿಸ್ಟರ್. ತಪ್ಪು ನಂದು."

"ಅದನ್ನ ಅವನನ್ನೇ ಕೇಳು. ಅಷ್ಟಾದ್ರೂ ಮಾಡು."

ವೈರ್‌ಮನ್ ವರಾಂಡದಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಬಿಚ್ಚಿ ಹರಡಿಕೊಂಡು ಕೂತಿದ್ದ. ನಾನು ನಿಂತೇ ಹೇಳಿದೆ. ಎಲ್ಲ ಬರೆದುಕೊಟ್ಟಿದ್ದೇನೆ, ನೀನು ನನಗೋಸ್ಕರ ಸುಳ್ಳು ಹೇಳಬೇಕಾಗಿರಲಿಲ್ಲ, ನಿನ್ನ ಋಣ ತೀರಿಸಲಾಗದು, ಹೀಗೆ ಏನೇನೋ. ನನ್ನ ಕಣ್ಣಲ್ಲಿ ನೀರೂ ಬಂತು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ನೋಡಿದ.

"ನಿಮ್ಮನ್ನ ಉಳಿಸೋಕೆ ಹೇಳ್ದೆ ಅಂದ್ಕೊಂಡ್ರಾ?"

"ಮತ್ತೆ... ನನ್ನ ಕೈಯಿಂದ ತಗೊಂಡೆ ಅಂದೆಯಲ್ಲ."

"ಕೈ ಚಾಚಿದ್ದು ನಾನೇ ತಾನೆ? ಸಿಸ್ಟರ್, ಆ ಟ್ಯೂಬಲ್ಲಿ ರಕ್ತ ಏರಿತಲ್ಲ, ಆಗ ನಂಗೆ ಖುಷಿಯಾಯ್ತು. ತೊಂಬತ್ತೈದು ದಿನದಲ್ಲಿ ಅಂಥ ಖುಷಿ ಆಗಿರಲಿಲ್ಲ. ಅದು ನಂದು. ಅದನ್ನ ಯಾರಿಗೂ ಹೇಳದೆ ಆಚೆ ಕಾಲಿಟ್ಟಿದ್ರೆ ನಾನು ಆ ಸೇತುವೆ ದಾಟ್ತಿರಲಿಲ್ಲ. ನಿಮಗೇ ಮೊದಲು ಹೇಳೋಕೆ ಬಂದೆ." ಅವನು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ. "ನೀವು ನಾಲ್ಕು ಅಂತ ಬರೆದ್ರಿ."

ಅವನು ಅದನ್ನು ನೋಡಿದ್ದ.  ಅವನ ತಪ್ಪೊಪ್ಪಿಗೆಯನ್ನೂ ನಾನು ನನ್ನ ಕಥೆ ಮಾಡಿಕೊಂಡಿದ್ದೆ. ಅಲ್ಲೂ ನನಗೆ ಅವನ ಕೈ ಮಾತ್ರ ಕಂಡಿತ್ತು.

"ಎಣಿಕೆ ಒಂದರಿಂದಲೇ ಇರಲಿ," ಅಂದ. "ಆದ್ರೆ ಒಂದು ಕೆಲಸ ಮಾಡಿ. ಅಕ್ಕನಿಗೆ ನೀವೇ ಫೋನ್ ಮಾಡಿ ಹೇಳಿ. ಸೂಜಿ ಮುಟ್ಟಿದೆ, ಆದ್ರೆ ಏನೂ ತಗೊಂಡಿಲ್ಲ ಅಂತ ನಾನು ಹೇಳಿದ್ರೆ ಯಾರು ನಂಬ್ತಾರೆ? ಒಂಬತ್ತು ವರ್ಷ ಇದೇ ಮಾತು ಹೇಳಿದೀನಿ. ಅವಳು ಬಾಗಿಲು ಹಾಕಿಬಿಡ್ತಾಳೆ. ಪುಟ್ಟಿ ಆ ಕಡೆ ಉಳಿದುಬಿಡ್ತಾಳೆ."

ನರ್ಸ್ ಕೋಣೆಯಿಂದ ಫೋನ್ ಮಾಡಿದೆ. ಆ ಕಡೆ ಇಸ್ತ್ರಿಯ ಹಬೆಯ ಸದ್ದು.

"ಹೇಳಿ ಸಿಸ್ಟರ್. ನಾಳೆ ಎಷ್ಟು ಹೊತ್ತಿಗೆ ಬಿಡ್ತೀರಿ? ಪುಟ್ಟಿ ಇವತ್ತೇ ಎರಡು ಜಡೆ ಹಾಕಿಸ್ಕೊಂಡು ಕೂತಿದಾಳೆ. ನಾಳೆ ಕಣೇ ಅಂದ್ರೆ ಕೇಳಲ್ಲ, ರಾತ್ರಿ ಹೀಗೇ ಮಲಗ್ತೀನಿ ಅಂತಾಳೆ."

"ನಾಳೆ ಅವನು ಬರ್ತಿಲ್ಲ ಅಮ್ಮ."

ಹಬೆಯ ಸದ್ದು ನಿಂತಿತು. "ಮತ್ತೆ ಶುರು ಮಾಡ್ಕೊಂಡ್ನಾ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಸಣ್ಣ ತೊಂದರೆ, ಮುಂದಿನ ತಿಂಗಳು ಬರುತ್ತಾನೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಮಂಗಳವಾರದಿಂದ ಶುರುಮಾಡಿ ಒಂದೂ ಬಿಡದೆ ಹೇಳಿದೆ. ಅವಳು ನಡುವೆ ಒಂದೇ ಸಲ ಕೇಳಿದಳು: "ನೀವೇ ಕೊಟ್ರಾ?" ಹೌದು, ನಾನೇ ಕೊಟ್ಟೆ ಅಂದೆ.

ಎಲ್ಲ ಕೇಳಿದ ಮೇಲೆ ಅವಳು ನಕ್ಕಳು. ಕೇಳಲಾಗದ ನಗು ಅದು. "ಸಿಸ್ಟರ್, ಇವನು ಹಿಂದೆ ಹೀಗೇ ಒಬ್ಬ ಡಾಕ್ಟರ್ ಹತ್ರ ಫೋನ್ ಮಾಡಿಸಿದ್ದ. ನಿಮ್ಮ ತಮ್ಮ ಪೂರ್ತಿ ಗುಣ ಆಗಿದಾನೆ ಅಂತ. ಆಮೇಲೆ ನೋಡಿದ್ರೆ ಆ ಡಾಕ್ಟರ್ ಆಟೋ ಓಡಿಸ್ತಿದ್ದ. ನಿಮ್ಮ ಧ್ವನಿ ನಂಗೆ ಗೊತ್ತು. ಆದ್ರೂ ಫೋನಲ್ಲಿ ಯಾರನ್ನೂ ನಾನು ನಂಬಲ್ಲ. ನಾಳೆ ನಾನೇ ಬರ್ತೀನಿ. ನನ್ನ ಮುಖ ನೋಡ್ಕೊಂಡು ಹೇಳಿ."

ಭಾನುವಾರ ನನ್ನ ವಾರದ ರಜೆ. "ಬನ್ನಿ," ಅಂದೆ. "ಇರ್ತೀನಿ."

ಅವಳು ಹತ್ತು ಗಂಟೆಗೆ ಬಂದಳು, ಒಬ್ಬಳೇ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದಳು. ಭೇಟಿಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ. ಒಂದು ಕಡೆ ವೈರ್‌ಮನ್, ಎದುರಿಗೆ ಅಕ್ಕ, ಮೇಜಿನ ಇನ್ನೊಂದು ಬದಿಗೆ ನಾನು. ಅವಳ ಮಣಿಕಟ್ಟಿನಲ್ಲಿ ಇಸ್ತ್ರಿ ತಾಗಿದ ಕಂದು ಗೆರೆಗಳಿದ್ದವು. ನಾನು ರಿಜಿಸ್ಟರನ್ನೂ ನನ್ನ ಕಾಗದದ ಪ್ರತಿಯನ್ನೂ ಅವಳ ಮುಂದಿಟ್ಟು, ಅವಳ ಮುಖ ನೋಡುತ್ತಾ ಮತ್ತೊಮ್ಮೆ ಹೇಳಿದೆ. ಫೋನಿನಲ್ಲಿ ಹೇಳಿದ್ದಕ್ಕಿಂತ ಅದು ಬಹಳ ಉದ್ದವಾಗಿತ್ತು.

ಅವಳು ಕಾಗದ ಮುಟ್ಟಲಿಲ್ಲ. "ಬರೆದದ್ದು ಎಷ್ಟು ನೋಡಿಲ್ಲ ನಾನು," ಅಂದಳು. ತಮ್ಮನ ಕಡೆ ತಿರುಗಿದಳು. "ತೋಳು ಎತ್ತು."

ಅವನು ಅಂಗಿಯ ಗುಂಡಿ ಬಿಚ್ಚಿ ಎರಡೂ ತೋಳು ಮಡಚಿ ಕೈಗಳನ್ನು ಮೇಜಿನ ಮೇಲಿಟ್ಟ. ಅವಳು ಬಗ್ಗಿ ನೋಡತೊಡಗಿದಳು. ಒಂಬತ್ತು ವರ್ಷ ಹೀಗೇ ನೋಡಿದವಳು. ಯಾವುದು ಹಳೆಯದು, ಯಾವುದು ಹೊಸದು ಅವಳಿಗೆ ಗೊತ್ತಿತ್ತು. ಅವಳ ಬೆರಳು ಒಂದೊಂದರ ಮೇಲೂ ನಿಂತು ಮುಂದೆ ಹೋಯಿತು. ಐದು ಜಾಗದಲ್ಲಿ ಚರ್ಮ ನೀಲಿಗಟ್ಟಿ ಅಂಚು ಹಳದಿಯಾಗಿತ್ತು, ನಾಣ್ಯದಷ್ಟು ದೊಡ್ಡದು. ಆರನೆಯದರ ಹತ್ತಿರ ಅವಳ ಬೆರಳು ನಿಂತುಬಿಟ್ಟಿತು. ಸಾಸಿವೆ ಕಾಳಿನಷ್ಟು ಚುಕ್ಕೆ. ಸುತ್ತ ಒಂದು ಕಲೆಯೂ ಇಲ್ಲ.

"ಇದು ಇವನದು," ಅಂದಳು.

"ಹೌದು," ಅಂದೆ.

"ಈ ಐದು ನಿಮ್ಮದು."

"ನನ್ನದು."

ಅವಳು ಆ ನೀಲಿಗಳನ್ನೂ ನನ್ನನ್ನೂ ಮತ್ತೊಮ್ಮೆ ನೋಡಿದಳು. "ಕೈ ಎಷ್ಟೇ ನಡುಗ್ತಿದ್ರೂ ಇವನು ಇಷ್ಟು ಕೆಟ್ಟದಾಗಿ ಯಾವತ್ತೂ ಚುಚ್ಕೊಂಡಿಲ್ಲ." ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ, "ಶುರು ಮಾಡ್ಕೊಂಡಿದ್ರೆ ಒಂದಕ್ಕೆ ನಿಲ್ತಿರಲಿಲ್ಲ. ಒಂದಕ್ಕೆ ನಿಂತದ್ದು ನಾನು ನೋಡೇ ಇಲ್ಲ."

ನನ್ನ ಮಾತು ಅವಳನ್ನು ನಂಬಿಸಿರಲಿಲ್ಲ. ಕಾಗದವೂ ಅಲ್ಲ. ನನ್ನ ಕೈಗೆ ಕೆಲಸ ಬರುವುದಿಲ್ಲ ಅನ್ನುವುದು ಅವಳನ್ನು ನಂಬಿಸಿತು. ನಾನು ತಲೆ ತಗ್ಗಿಸಿ ಕೂತೆ. ಆದರೂ, ಹೇಳಿಬಿಡುತ್ತೇನೆ, ಆ ಐದು ಕಲೆಗಳು ಅಷ್ಟು ಕೆಟ್ಟದಾಗಿದ್ದದ್ದು ಒಳ್ಳೆಯದಾಯಿತು ಅನ್ನಿಸಿತು.

ಅಕ್ಕ ತಮ್ಮನ ತೋಳು ತಾನೇ ಕೆಳಗಿಳಿಸಿ ಗುಂಡಿ ಹಾಕಿದಳು. "ಮತ್ತೆ ಎಣಿಸು," ಅಂದಳು. "ಮಗುಗೆ ಅಪ್ಪನ ಎಣಿಕೆ ತಪ್ಪಿಹೋಯ್ತು ಅಂತೀನಿ. ಅವಳಿಗೂ ಇಪ್ಪತ್ತರ ಮೇಲೆ ತಪ್ಪುತ್ತೆ, ಅರ್ಥ ಆಗುತ್ತೆ. ಮುಂದಿನ ಭಾನುವಾರ ಇಲ್ಲಿಗೇ ಕರ್ಕೊಂಡು ಬರ್ತೀನಿ."  ಅವಳು ಅವನ ತಲೆಗೆ ಒಂದು ಮೊಟಕು ಮೊಟಕಿ ಎದ್ದಳು.

ಬಾಗಿಲ ಬಳಿ ನಿಂತು ನನಗೆ ಹೇಳಿದಳು. ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಇವನು ಬಾಯಿಬಿಟ್ಟಾಗ ಕೂತು ಕೇಳೋಕೆ ನನ್ನ ಕೈಲಾಗಲಿಲ್ಲ ಸಿಸ್ಟರ್. ಕೇಳಿ ಕೇಳಿ ಸಾಕಾಗಿತ್ತು. ಅದಕ್ಕೇ ಇಲ್ಲಿ ತಂದುಬಿಟ್ಟಿದ್ದು. ನೀವೂ ಕೇಳದಿದ್ರೆ ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ?"

 ಅವಳು ಉತ್ತರಕ್ಕೆ ಕಾಯದೆ ಗೇಟಿನ ಕಡೆ ಹೋದಳು.

ಗೇಟಿನ ಸದ್ದಾದ ಮೇಲೂ ವೈರ್‌ಮನ್ ಅಲ್ಲೇ ಕೂತಿದ್ದ. ನಾನು ಚೀಲ ತೆಗೆದುಕೊಂಡೆ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅಲ್ಲಿಂದ ಹೊರಟು, ಬಸ್ಸು ಹತ್ತಿ, ಯಾರ ಮುಖವನ್ನೂ ನೋಡದೆ ಮನೆ ಸೇರುವುದು.

"ಆ ಸೇತುವೆ," ಅಂದೆ. "ಅವತ್ತು ಹೇಳ್ತಿದ್ದೆಯಲ್ಲ."

ಅವನು ನನ್ನನ್ನು ಅಳೆಯುವ ಹಾಗೆ ನೋಡಿದ. "ಇವತ್ತು ನಿಮಗೆ ರಜೆ."

"ಹೌದು."

"ಕೇಳೋಕೆ ಚೆನ್ನಾಗಿರಲ್ಲ ಸಿಸ್ಟರ್."

ನಾನು ಚೀಲ ಕೆಳಗಿಟ್ಟು ಅವನ ಎದುರಿಗೆ, ಅಕ್ಕ ಕೂತಿದ್ದ ಕುರ್ಚಿಯಲ್ಲಿ ಕೂತೆ. ಅವನು ಸೇತುವೆಯಿಂದ ಶುರುಮಾಡಲಿಲ್ಲ. ಮಂಗಳವಾರದಿಂದ ಶುರುಮಾಡಿದ. ನಾನು ಪೊಟ್ಟಣ ಬಿಚ್ಚಿದಾಗ ಬಂದ ಚಿಕ್ಕ ಸದ್ದು, ಅದಕ್ಕೆ ಅವನ ಬಾಯಲ್ಲಿ ನೀರೂರಿದ್ದು, ಸಿಸ್ಟರ್ ಬೇಡ ಅನ್ನಲಿ ಎಂದು ಮನಸ್ಸಿನಲ್ಲೇ ಕಾದದ್ದು, ನಾನು ಅನ್ನದೆ ಇದ್ದದ್ದು. ಎಲ್ಲವನ್ನೂ ನಿಧಾನವಾಗಿ ಹೇಳಿದ. ನಡುವೆ ಎರಡು ಸಲ ನನಗೆ ಎದ್ದು ಹೋಗಬೇಕೆನ್ನಿಸಿತು. ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ.